ಹಾಜರಿ ಪುಸ್ತಕ ಯಾರ ಕೈಯಲ್ಲಿತ್ತು?

ದುಡಿಸಿಕೊಂಡು ಕೂಲಿ ಕೊಡದೆ ಸತಾಯಿಸುವವರ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಬಂದೇ ಬರುತ್ತದೆ. 'ಬರವಣಿಗೆಯಲ್ಲಿ ಏನೂ ಇಲ್ಲವಲ್ಲ, ಇನ್ನೇನು ಮಾಡೋಕಾಗುತ್ತೆ?' ಕೇಳಿಸಿಕೊಂಡವರೂ ಹೌದೆಂದು ತಲೆಯಾಡಿಸುತ್ತಾರೆ. ಗಾರೆ ಕೆಲಸದವರು, ಹೋಟೆಲಿನ ಹುಡುಗರು, ಮನೆಗೆಲಸದ ಹೆಂಗಸರು, ಪ್ರಾಜೆಕ್ಟ್ ಮುಗಿದ ಮೇಲೆ ಬಿಲ್ ಪಾಸಾಗಲೆಂದು ಕಾಯುವ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳು, ಎಲ್ಲರೂ ಇದನ್ನು ಮಳೆ ಬಿಸಿಲಿನಷ್ಟೇ ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಕಾಗದ ಇಲ್ಲದಿದ್ದರೆ ಹಕ್ಕೂ ಇಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎನ್ನುವುದು ನನಗೆ ಕುತೂಹಲ. ಕಾನೂನಿನಿಂದಂತೂ ಬಂದಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 10ನೇ ಕಲಮಿನ ಪ್ರಕಾರ, ಬೇರೆ ಯಾವುದಾದರೂ ಕಾನೂನು ಬರಹವೇ ಬೇಕೆಂದು ಕೇಳದಿದ್ದರೆ, ಆಡಿದ ಮಾತೂ ಕರಾರೇ. ಅದೇ ಕಾಯಿದೆಯ 70ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬ ಇನ್ನೊಬ್ಬನಿಗಾಗಿ ನ್ಯಾಯವಾದ ಕೆಲಸವೊಂದನ್ನು ಮಾಡಿ, ಆ ಇನ್ನೊಬ್ಬ ಅದರ ಲಾಭ ಉಂಡಿದ್ದರೆ, ಅವನು ಪ್ರತಿಫಲ ಕೊಡಲೇಬೇಕು. ಇಲ್ಲಿ ಆಡಿದ ಮಾತೂ ಬೇಕಿಲ್ಲ. ಅಂದರೆ ನೂರೈವತ್ತು ವರ್ಷಗಳಿಂದ ಕಾನೂನು ಒಂದು ಹೇಳುತ್ತಿದೆ, ಬೀದಿ ಇನ್ನೊಂದು ಹೇಳುತ್ತಿದೆ. ನಡುವಿನ ಈ ಬಿರುಕಿಗೆ ಒಂದು ಇತಿಹಾಸವಿದೆ.

ಅದರ ಒಂದು ತುದಿ ಮೈಸೂರಿನಲ್ಲಿ ಸಿಗುತ್ತದೆ. ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ತಾಳೆಗರಿ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಕತೆ ಎಲ್ಲರಿಗೂ ಗೊತ್ತು. ಆ ಪುಸ್ತಕವನ್ನು ನಾವು ಓದುವುದು ಗೂಢಚಾರರಿಗಾಗಿ, ಮಂಡಲ ಸಿದ್ಧಾಂತಕ್ಕಾಗಿ. ಮೂರನೆಯ ಅಧಿಕರಣದ ಹದಿಮೂರು, ಹದಿನಾಲ್ಕನೆಯ ಅಧ್ಯಾಯಗಳಲ್ಲಿ ದಾಸರು, ಕೆಲಸಗಾರರು ಮತ್ತು ಕೂಲಿಯ ವಿಚಾರ ಬರುತ್ತದೆ. ಸಾಮಾನ್ಯವಾಗಿ ಪುಟ ಮಗುಚಿ ಮುಂದೆ ಹೋಗುವ ಭಾಗ ಅದು.

ಅಲ್ಲಿರುವ ವ್ಯವಸ್ಥೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೆಲಸಗಾರನಿಗೂ ಕೆಲಸ ಕೊಟ್ಟವನಿಗೂ ಇರುವ ಸಂಬಂಧ ಅಕ್ಕಪಕ್ಕದವರಿಗೆ ತಿಳಿದಿರಬೇಕು. ಮಾತಾಡಿಕೊಂಡಷ್ಟು ಕೂಲಿ ಸಿಗಬೇಕು. ಮಾತೇ ಆಗಿರದಿದ್ದರೆ ಮಾಡಿದ ಕೆಲಸಕ್ಕೂ ಹಿಡಿದ ಸಮಯಕ್ಕೂ ತಕ್ಕಷ್ಟು. ಹಾಗೆ ಮಾತಾಗಿರದ ಪಕ್ಷದಲ್ಲಿ ಬೇಸಾಯದ ಆಳಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ, ವ್ಯಾಪಾರದ ಆಳಿಗೆ ಅವನು ವಹಿವಾಟು ಮಾಡಿದ ಸರಕಿನಲ್ಲಿ ಹತ್ತನೇ ಒಂದು ಪಾಲು. ಶಿಲ್ಪಿ, ನಟ, ವೈದ್ಯ, ಪರಿಚಾರಕ ಮುಂತಾದವರಿಗೆ ಅಂಥದೇ ಕೆಲಸದ ಇನ್ನೊಬ್ಬನಿಗೆ ಸಿಗುವಷ್ಟು, ಇಲ್ಲವೇ ಬಲ್ಲವರು ಗೊತ್ತುಮಾಡಿದಷ್ಟು. ತಕರಾರು ಬಂದರೆ ಸಾಕ್ಷಿಗಳ ಮೇಲೆ ತೀರ್ಮಾನ. ಸಾಕ್ಷಿಗಳೂ ಇಲ್ಲದಿದ್ದರೆ ಕೆಲಸ ನಡೆದ ಜಾಗಕ್ಕೇ ಹೋಗಿ ವಿಚಾರಣೆ ಮಾಡಬೇಕು.

ಇಷ್ಟರಲ್ಲಿ ಪತ್ರದ ಮಾತು ಎಲ್ಲೂ ಬರುವುದಿಲ್ಲ. ಅಧ್ಯಕ್ಷರು, ಲೆಕ್ಕದ ಪುಸ್ತಕಗಳು, ಮುದ್ರೆಗಳು ತುಂಬಿ ತುಳುಕುವ, ರಾಜನ ಶಾಸನ ಬರೆಯುವ ಬಗೆಗೇ ಒಂದು ಅಧ್ಯಾಯ ಮೀಸಲಿಟ್ಟ ಗ್ರಂಥ ಇದು. ಬರಹದ ಬೆಲೆ ತಿಳಿಯದವನು ಬರೆದದ್ದಲ್ಲ. ಆದರೂ ಕೂಲಿಯ ತಕರಾರಿಗೆ ಬಂದಾಗ ಅವನು ನೆರೆಹೊರೆಯನ್ನೂ ಹೊಲವನ್ನೂ ಕೇಳುತ್ತಾನೆ. ಕೂಲಿಯವನ ಹತ್ತಿರ ಕಾಗದ ಇರುವುದಿಲ್ಲ ಎಂಬುದು ಅವನಿಗೆ ಹೇಳಿಕೊಡಬೇಕಾದ ಸಂಗತಿಯೇ ಆಗಿರಲಿಲ್ಲ ಎಂದು ನನ್ನ ಓದು.

ಇನ್ನೊಂದು ವಿವರ ನನ್ನನ್ನು ಹೆಚ್ಚು ಕಾಡಿದ್ದು. ಕೂಲಿ ಕೊಡದವನಿಗೆ ದಂಡ ಹತ್ತನೇ ಒಂದು ಪಾಲು ಅಥವಾ ಆರು ಪಣ. ಕೊಡಬೇಕಾದ್ದೇ ಇಲ್ಲವೆಂದು ತಳ್ಳಿಹಾಕುವವನಿಗೆ ಐದನೇ ಒಂದು ಪಾಲು ಅಥವಾ ಹನ್ನೆರಡು ಪಣ. ಕೊಡದಿರುವುದು ಬೇರೆ, ಅಲ್ಲಗಳೆಯುವುದು ಬೇರೆ, ಎರಡನೆಯದಕ್ಕೆ ಇಮ್ಮಡಿ. ಈ ಇಮ್ಮಡಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರಿಕೆ.

ಹಾಗೆಂದು ಪ್ರಾಚೀನ ಭಾರತದಲ್ಲಿ ಕೂಲಿಯವನು ಸುಖವಾಗಿದ್ದ ಎಂದು ಹೊರಟರೆ ನಗೆಪಾಟಲಾಗುತ್ತದೆ. ಆ ಭಾಗದಲ್ಲೇ ದಾಸರ ಕುರಿತ ನಿಯಮಗಳಿವೆ. ಬಿಟ್ಟಿಯೂ ಆ ರಾಜ್ಯದ ಲೆಕ್ಕಾಚಾರದ ಒಳಗೇ ಇದೆ. ಕೂಲಿ ಪಡೆದು ಕೆಲಸ ಮಾಡದವನಿಗೂ ಹನ್ನೆರಡು ಪಣ ದಂಡ, ಮಾಡುವ ತನಕ ಬಂಧನ. ಅಲ್ಲಗಳೆದ ಧಣಿಗೂ ಅದೇ ಹನ್ನೆರಡು, ಬಂಧನ ಮಾತ್ರ ಇಲ್ಲ. ಮೇಲಾಗಿ ಇದು ಹೀಗೆ ನಡೆಯಬೇಕೆನ್ನುವ ಶಾಸ್ತ್ರ, ಹೀಗೆ ನಡೆಯಿತೆನ್ನುವ ವರದಿಯಲ್ಲ. ಗ್ರಂಥದ ಕಾಲದ ಬಗೆಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದರಿಂದ ಇಷ್ಟು ಮಾತ್ರ ಖಚಿತ: ಬರೆದ ಕರಾರಿಲ್ಲದೆ ಕೂಲಿ ವಸೂಲಿ ಮಾಡಿಸುವುದು ಹೇಗೆ ಎಂಬ ಪ್ರಶ್ನೆ ಬಹಳ ಹಳೆಯದು, ಅದಕ್ಕೆ 'ಸಾಧ್ಯವಿಲ್ಲ' ಎನ್ನುವ ಉತ್ತರ ಆಗ ಯಾರಿಗೂ ಹೊಳೆದಿರಲಿಲ್ಲ.

ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಅದೇ ಹತ್ತನೇ ಪಾಲು ಬರುತ್ತದೆ. ಕೂಲಿ ಗೊತ್ತುಮಾಡದೆ ದುಡಿಸಿಕೊಂಡವನಿಂದ ವ್ಯಾಪಾರ, ಪಶು, ಬೆಳೆಗಳ ಹುಟ್ಟುವಳಿಯ ಹತ್ತನೇ ಒಂದು ಭಾಗವನ್ನು ರಾಜನೇ ಕೊಡಿಸಬೇಕು. ಈ ಸ್ಮೃತಿಗೆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನು. ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಕೂತು ಬರೆದವನು. ಅವನ ಮಿತಾಕ್ಷರ ನಮಗೆ ನೆನಪಿರುವುದು ಆಸ್ತಿ ಪಾಲಿನಿಂದ. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದೂ ದಾಯಭಾಗದ ಪ್ರಕರಣವನ್ನೇ. ಕೂಲಿಯ ಪ್ರಕರಣ ಹಾಗೇ ಉಳಿಯಿತು. ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಕಲ್ಯಾಣದ ಪಂಡಿತ ಬೇಕಾದ, ಆಳಿನ ವ್ಯಾಜ್ಯಕ್ಕೆ ಬೇಕಾಗಲಿಲ್ಲ.

ಆಳಿನ ವ್ಯಾಜ್ಯಕ್ಕೆ ಕಂಪನಿಯ ಆಡಳಿತ ಮುಗಿದು ರಾಣಿಯ ಆಡಳಿತ ಶುರುವಾದ ಮರುವರ್ಷ ಬಂದದ್ದು 1859ರ 13ನೇ ಕಾಯಿದೆ. ಕೆಲಸಗಾರರ ಕರಾರು ಭಂಗ ಕಾಯಿದೆ ಎಂದು ಅದರ ಹೆಸರು. ಮುಂಗಡ ಪಡೆದ ಕಸುಬುದಾರ ಅಥವಾ ಕೂಲಿಯಾಳು ಕೆಲಸಕ್ಕೆ ಬಾರದಿದ್ದರೆ ಧಣಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಮುಂಗಡ ವಾಪಸು ಕೊಡು, ಇಲ್ಲವೇ ಕೆಲಸ ಮುಗಿಸು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಎರಡರಲ್ಲಿ ಯಾವುದು ಎಂದು ಆರಿಸುವವನು ಧಣಿ. ಆಜ್ಞೆ ಮೀರಿದವನಿಗೆ ಮೂರು ತಿಂಗಳವರೆಗೆ ಜೈಲು. ಮೊದಲು ಕಲ್ಕತ್ತ, ಮದ್ರಾಸು, ಬೊಂಬಾಯಿ ಪಟ್ಟಣಗಳಿಗೆಂದು ಹುಟ್ಟಿದ ಕಾಯಿದೆ ಆಮೇಲೆ ಹಬ್ಬುತ್ತ ತೋಟಗಳನ್ನೂ ತಲುಪಿತು. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕೂಲಿಯವರನ್ನು ಕಾಫಿ ಸೀಮೆಗೆ ಹತ್ತಿಸುತ್ತಿದ್ದ ಕಾಲ ಅದು.

ಈ ಕಾಯಿದೆಯಲ್ಲಿ 'ಕರಾರು' ಎಂದರೆ ಏನು ಎಂಬ ವಿವರಣೆ ಇದೆ. ಪತ್ರದ ಮೂಲಕ ಆದದ್ದಾಗಲಿ, ಬರೆದದ್ದಾಗಲಿ, ಬಾಯಿಮಾತಿನದಾಗಲಿ, ಎಲ್ಲವೂ ಕರಾರೇ.

ಮೊದಲ ಸಲ ಇದನ್ನು ಓದಿದಾಗ ಪೆನ್ಸಿಲಿನಿಂದ ಎರಡು ಗೆರೆ ಎಳೆದೆ. ಕೂಲಿಯವನನ್ನು ಜೈಲಿಗೆ ಕಳಿಸಬೇಕಾದಾಗ ಬಾಯಿಮಾತು ಧಾರಾಳವಾಗಿ ಸಾಕಾಗಿತ್ತು! ಅದೇ ಬಾಯಿಮಾತಿನ ಇನ್ನೊಂದು ತುದಿಯಲ್ಲಿ ಕೂಲಿಯೂ ಇದೆಯಲ್ಲ, ಅದು ಬಾರದಿದ್ದರೆ? ರೈಲ್ವೆ ಮತ್ತಿತರ ಲೋಕೋಪಯೋಗಿ ಕಾಮಗಾರಿಗಳ ತಕರಾರು ಬೇಗ ತೀರಿಸಲೆಂದು 1860ರಲ್ಲಿ ಒಂದು ಕಾಯಿದೆ ಬಂದದ್ದುಂಟು. ಉಳಿದವರಿಗೆ ಸಾಮಾನ್ಯವಾಗಿ ಇದ್ದದ್ದು ಸಿವಿಲ್ ದಾವೆ. ವಕೀಲ, ಸ್ಟಾಂಪು, ವಾಯಿದೆಗಳ ದಾರಿ. ಧಣಿಗೆ ಫೌಜದಾರಿ, ಆಳಿಗೆ ದಿವಾಣಿ. 1926ರಲ್ಲಿ ರದ್ದಾಗುವ ತನಕ ಈ ಕಾಯಿದೆ ಬಾಳಿತು. 'ಕಾಗದ ಇಲ್ಲದಿದ್ದರೆ ಏನೂ ಮಾಡೋಕಾಗಲ್ಲ' ಎನ್ನುವ ನಮ್ಮ ಬೀದಿಯ ತಿಳಿವಳಿಕೆ ಈ ಅರವತ್ತೇಳು ವರ್ಷಗಳ ಪಾಠವೂ ಇರಬಹುದು ಎಂದು ನನ್ನ ಅನುಮಾನ. ಕಾನೂನಿನ ಅಕ್ಷರ ಏನೇ ಇರಲಿ, ಆಡಿದ ಮಾತು ಯಾರ ಪರವಾಗಿ ಕೆಲಸ ಮಾಡುತ್ತದೆ ಎನ್ನುವುದನ್ನು ಜನ ಕಣ್ಣಾರೆ ಕಂಡಿದ್ದರು.

ಕಾಗದ ಇರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಕಾಗದ ಬೇಕಾದಷ್ಟಿತ್ತು. ತೋಟದ ರೈಟರ ಕೈಯಲ್ಲಿ ಚೆಕ್‌ರೋಲ್, ಮೇಸ್ತ್ರಿಯ ಚೀಲದಲ್ಲಿ ಮುಂಗಡದ ಲೆಕ್ಕ, ಗಿರಣಿಯಲ್ಲಿ ಹಾಜರಿ ಪುಸ್ತಕ. ಯಾರು ಯಾವ ದಿನ ಬಂದರು, ಎಷ್ಟು ಹಿಡಿದುಕೊಂಡದ್ದು, ಎಷ್ಟು ಬಾಕಿ, ಎಲ್ಲವೂ ಬರೆದಿತ್ತು. ಬರೆದದ್ದು ಒಬ್ಬರು, ಹೆಬ್ಬೆಟ್ಟು ಒತ್ತಿದ್ದು ಇನ್ನೊಬ್ಬರು. ಹೀಗಾಗಿ ಕಾಗದ ಹೆಚ್ಚಾದರೆ ಕೂಲಿಯವನಿಗೆ ಒಳ್ಳೆಯದು ಎಂದು ಸಲೀಸಾಗಿ ಹೇಳುವಂತಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ನೋಂದಣಿಯ ವಿರುದ್ಧ. ತಮ್ಮ ಗುರುತು ತಮ್ಮ ಕೈಗೆಟುಕದ ಕಡತ ಸೇರಿದರೆ ಏನಾಗುತ್ತದೆ ಎಂಬ ಅಂದಾಜು ಅವರಿಗಿತ್ತು.

1936ರ ವೇತನ ಪಾವತಿ ಕಾಯಿದೆ ಈ ಕತೆಯ ತಿರುವು. ವ್ಹಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರಲ್ಲಿ ಕೊಟ್ಟ ವರದಿಯ ಬೆನ್ನಲ್ಲಿ ಬಂದದ್ದು. ಬಟವಾಡೆ ತಿಂಗಳಿಗಿಂತ ಹೆಚ್ಚು ತಡೆಯಬಾರದು, ಚಿಕ್ಕ ಕಾರ್ಖಾನೆಯಾದರೆ ಅವಧಿ ಮುಗಿದ ಏಳನೆಯ ದಿನದೊಳಗೆ, ದೊಡ್ಡದಾದರೆ ಹತ್ತನೆಯ ದಿನದೊಳಗೆ ಕೊಡಬೇಕು, ಮನಸ್ಸಿಗೆ ಬಂದಂತೆ ಹಿಡಿದುಕೊಳ್ಳಬಾರದು. ಕೊಡದಿದ್ದರೆ ಸಿವಿಲ್ ದಾವೆ ಹೂಡಬೇಕಿಲ್ಲ, ಪ್ರಾಧಿಕಾರಿಯ ಮುಂದೆ ಅರ್ಜಿ ಸಾಕು. ಹಿಡಿದುಕೊಂಡ ಮೊತ್ತದ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಆದರೆ ಮೊದಲಿಗೆ ಅದು ಕಾರ್ಖಾನೆ ಮತ್ತು ರೈಲ್ವೆಯವರಿಗೆ ಮಾತ್ರ. ಗೇಟು, ಗಂಟೆ, ಹಾಜರಿ ಪುಸ್ತಕ ಇದ್ದ ಕಡೆ ಕಾನೂನು ಮೊದಲು ಬಂತು. ಹೊಲ, ಮನೆ, ಕಲ್ಲುಕ್ವಾರಿಗಳಿಗೆ ಬರಲು ಬಹಳ ಕಾಲ ಹಿಡಿಯಿತು.

ಕ್ವಾರಿಗೆ ಬಂದಾಗ ಸಂವಿಧಾನದ 23ನೇ ವಿಧಿಯ ದಾರಿ ಹಿಡಿದು ಬಂತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದಿನಗೂಲಿ 9.25 ರೂಪಾಯಿ ಇದ್ದಾಗ ಜಮಾದಾರರು ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಆ ಮೊಕದ್ದಮೆಯಲ್ಲಿ. ಮರುವರ್ಷದ ಕೊನೆಗೆ ಫರೀದಾಬಾದಿನ ಕಲ್ಲುಕ್ವಾರಿಗಳ ಪ್ರಕರಣ ಬಂತು. ಈ ಕೂಲಿಯವರು ಮುಂಗಡ ಪಡೆದು ಜೀತಕ್ಕೆ ಬಿದ್ದವರೆಂದು ಅವರೇ ಸಾಬೀತು ಮಾಡಲಿ ಎನ್ನುವುದು ಸರ್ಕಾರದ ವಾದ. ಬಲವಂತವಾಗಿ ದುಡಿಸಲಾಗುತ್ತಿದೆ ಎಂದು ಕಂಡುಬಂದರೆ ಸಾಕು, ಉಳಿದದ್ದನ್ನು ನ್ಯಾಯಾಲಯ ಊಹಿಸಿಕೊಳ್ಳುತ್ತದೆ, ಊಹೆ ತಪ್ಪೆಂದು ತೋರಿಸಬೇಕಾದವನು ಧಣಿ ಎಂದು ಕೋರ್ಟು ಹೇಳಿತು. ಸಾಲದ ಪತ್ರ ಧಣಿಯ ಪೆಟ್ಟಿಗೆಯಲ್ಲಿರುವಾಗ ಅದನ್ನು ಕೂಲಿಯವನು ಎಲ್ಲಿಂದ ತರಬೇಕು?

ಪೆಟ್ಟಿಗೆಯನ್ನೇ ತೆರೆಸಿದವರು ರಾಜಸ್ಥಾನದ ಹಳ್ಳಿಗರು. ಸರ್ಕಾರಿ ಕಾಮಗಾರಿಯಲ್ಲಿ ಮಣ್ಣು ಹೊತ್ತವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ಅಳತೆಯ ಪ್ರಕಾರ ನೀವು ಅಷ್ಟು ಕೆಲಸ ಮಾಡಿಲ್ಲ ಎನ್ನುವ ಉತ್ತರ. ಮಸ್ಟರ್ ರೋಲ್ ತೋರಿಸಿ ಎಂದರೆ ಅದು ಸರ್ಕಾರಿ ದಾಖಲೆ, ತೋರಿಸುವಂತಿಲ್ಲ. 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನ ಸುನವಾಯಿ ನಡೆಸಿತು. ಸಿಕ್ಕ ದಾಖಲೆಗಳನ್ನು ಊರವರೆದುರು ಗಟ್ಟಿಯಾಗಿ ಓದುವುದು, ಹೆಸರಿದ್ದವರು ಎದ್ದುನಿಂತು ಹೌದು ಅಥವಾ ಇಲ್ಲ ಎನ್ನುವುದು. ಕೆಲಸ ನಡೆದ ಜಾಗದಲ್ಲೇ ವಿಚಾರಣೆ, ಅಕ್ಕಪಕ್ಕದವರೇ ಸಾಕ್ಷಿ! ಅವರು ಅರ್ಥಶಾಸ್ತ್ರ ಓದಿ ಹಾಗೆ ಮಾಡಿದ್ದಲ್ಲ, ಬೇರೆ ದಾರಿ ಇರಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯನ್ನು ನಾವು ಪಟ್ಟಣದವರು ಭ್ರಷ್ಟಾಚಾರದ ಜೊತೆ ಸೇರಿಸಿ ನೆನೆಯುತ್ತೇವೆ. ಅದರ ತಾಯಿಬೇರು ಬಾರದ ಕೂಲಿಯಲ್ಲಿದೆ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ನನಗೂ ಒಂದು ಬಾಕಿ ಬರಬೇಕಿತ್ತು. ಒಂದು ಸಂಸ್ಥೆಯ ಹಳೆಯ ಕಡತಗಳ ಪಟ್ಟಿ ತಯಾರಿಸುವ ಕೆಲಸ, ಮೂರು ತಿಂಗಳು, ಸಂಬಳ ಬಾಯಿಮಾತಿನಲ್ಲಿ ಗೊತ್ತಾದದ್ದು. ಕಡೆಯ ತಿಂಗಳದ್ದು ಬರಲಿಲ್ಲ. ದಿನವೂ ಬಾಗಿಲ ಬಳಿಯ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದೆ, ಆ ಪುಸ್ತಕ ಅವರದೇ. ಅಲ್ಲಿಯವರು ನಯವಾಗಿ 'ಆ ತಿಂಗಳು ನೀವು ಬಂದ ಹಾಗೆ ನೆನಪಿಲ್ಲವಲ್ಲ' ಎಂದಾಗ ನನ್ನ ಪರವಾಗಿ ಮಾತಾಡಿದ್ದು ಪಟ್ಟಿಯೇ. ಪ್ರತಿ ಹಾಳೆಯ ಕೆಳಗೆ ತಾರೀಖು, ನನ್ನ ಅಕ್ಷರ. ನಾಲ್ಕು ಹಾಳೆಗಳ ಫೋಟೋ ಕಳಿಸಿದೆ. ಎರಡು ವಾರದಲ್ಲಿ ಹಣ ಖಾತೆಗೆ ಬಂತು, ಮಾತೇನೂ ಬರಲಿಲ್ಲ. ನನ್ನದು ಸಣ್ಣ ಮೊತ್ತ, ಅಕ್ಷರದ ಕೆಲಸ. ಗೋಡೆ ಕಟ್ಟಿದವನ ತಾರೀಖು ಇಟ್ಟಿಗೆಯ ಮೇಲೆ ಇರುವುದಿಲ್ಲ.

ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಕಷ್ಟ ತಿಳಿಯುತ್ತದೆ. ಎರಡೂ ನೇರವಾಗಿ ಕೂಲಿ ಬಾಕಿಯವಲ್ಲ, ಕೆಲಸದಿಂದ ತೆಗೆದದ್ದರ ವಿರುದ್ಧದವು. ಆದರೆ ಪ್ರಶ್ನೆ ಒಂದೇ: ನಾನು ಇಲ್ಲಿ ಇಷ್ಟು ದಿನ ದುಡಿದೆ ಎಂದು ದಿನಗೂಲಿಯವನು ತೋರಿಸುವುದು ಹೇಗೆ? ವಲಯ ಅರಣ್ಯಾಧಿಕಾರಿಯೊಬ್ಬರ ವಿರುದ್ಧ ದಿನಗೂಲಿ ನೌಕರನೊಬ್ಬ ವರ್ಷದಲ್ಲಿ 240 ದಿನಕ್ಕಿಂತ ಹೆಚ್ಚು ದುಡಿದೆನೆಂದು ಪ್ರಮಾಣಪತ್ರ ಸಲ್ಲಿಸಿದ್ದ. ಇಲಾಖೆ ಅಲ್ಲಗಳೆಯಿತು. ಅಲ್ಲಗಳೆದ ಇಲಾಖೆಯೇ ಸಾಬೀತು ಮಾಡಲಿ ಎಂದಿತು ಕೆಳಗಿನ ನ್ಯಾಯಮಂಡಳಿ. ಸುಪ್ರೀಂ ಕೋರ್ಟು 2002ರಲ್ಲಿ ಅದನ್ನು ತಳ್ಳಿಹಾಕಿತು. ಸಾಬೀತು ಮಾಡುವ ಹೊಣೆ ನೌಕರನದು, ತನ್ನ ಪರ ತಾನೇ ಬರೆದ ಪ್ರಮಾಣಪತ್ರ ಸಾಲದು. ಸಂಬಳದ ರಸೀತಿ, ನೇಮಕದ ಆದೇಶ ಏನಾದರೂ ಬೇಕಿತ್ತು.

2005ರಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ ಎದುರಿಗಿದ್ದವರು ಸಹಾಯಕ ಕಾರ್ಯಪಾಲಕ ಇಂಜಿನಿಯರ್. ಹೊಣೆ ನೌಕರನದೇ ಎಂಬ ಮಾತನ್ನು ಕೋರ್ಟು ಇಲ್ಲೂ ಬಿಡಲಿಲ್ಲ. ಆದರೆ ದಿನಗೂಲಿಯವನಿಗೆ ನೇಮಕದ ಪತ್ರವೂ ಇರುವುದಿಲ್ಲ, ಸಂಬಳದ ರಸೀತಿಯೂ ಇರುವುದಿಲ್ಲ, ಅವನು ಮಾಡಬಹುದಾದದ್ದು ಸಾಕ್ಷಿಕಟ್ಟೆ ಹತ್ತಿ ಹೇಳುವುದು ಮತ್ತು ಹಾಜರಿ ಪುಸ್ತಕ, ವೇತನದ ಪುಸ್ತಕ ತರಿಸಿರೆಂದು ಕೇಳುವುದು ಎಂದು ಒಪ್ಪಿಕೊಂಡಿತು. ಈ ನೌಕರ ಹಾಗೆ ಕೇಳಿದ್ದ. ಇಲಾಖೆ ಎಲ್ಲ ಮಸ್ಟರ್ ರೋಲ್‌ಗಳನ್ನು ತರಲಿಲ್ಲ. ಅವನ ಬಳಿ ಇಲಾಖೆಯ ಅಧಿಕಾರಿಯೇ ಕೊಟ್ಟಿದ್ದ ಒಂದು ಪ್ರಮಾಣಪತ್ರವೂ ಇತ್ತು. ಅವನು ಗೆದ್ದ. ತನ್ನ ಕೈಯಲ್ಲಿರುವ ದಾಖಲೆಯನ್ನು ಮುಂದಿಡದವನ ವಿರುದ್ಧ ಊಹೆ ಮಾಡಿಕೊಳ್ಳಬಹುದೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. ಅದನ್ನು ಬಳಸಬೇಕಾದರೆ ದಾಖಲೆ ತರಿಸಿ ಎಂದು ಮೊದಲು ಕೇಳಿರಬೇಕು, ಅಷ್ಟೇ. ಈ ಒಂದು ಅರ್ಜಿಯ ವಿಷಯ ಕಾನೂನು ಕಾಲೇಜಿನ ಹೊರಗೆ ಎಷ್ಟು ಜನಕ್ಕೆ ಗೊತ್ತಿದೆ?

ಈಗ ಹೊಸ ಸಂಹಿತೆ ಬಂದಿದೆ. 2019ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ 1936ರ ಕಾಯಿದೆಯ ಜಾಗದಲ್ಲಿ ಕೂತಿದೆ. ಬಾಕಿಗೆ ಅರ್ಜಿ ಹಾಕಲು ಮೂರು ವರ್ಷದ ಅವಕಾಶವಿದೆ. ಅದರ 59ನೇ ಕಲಮಿನ ಪ್ರಕಾರ, ವೇತನ ಬಂದಿಲ್ಲವೆಂದು ಅರ್ಜಿ ಬಂದರೆ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು. ಇಲ್ಲಿಗೆ ಬರಲು ಎಷ್ಟು ಜನ ಎಷ್ಟು ವರ್ಷ ಬಡಿದಾಡಿದರು ಎನ್ನುವುದನ್ನು ನೆನೆದರೆ ಈ ಒಂದು ಸಾಲು ಸಣ್ಣದಲ್ಲ.

ಸಾಲನ್ನು ಇನ್ನೊಮ್ಮೆ ಓದಬೇಕು. ಮಾಲೀಕನ ಮೇಲಿರುವುದು 'ಕೊಟ್ಟೆ' ಎನ್ನುವುದನ್ನು ತೋರಿಸುವ ಹೊಣೆ. 'ಇವನು ನನ್ನ ಹತ್ತಿರ ದುಡಿದೇ ಇಲ್ಲ, ಯಾರೋ ಗೊತ್ತಿಲ್ಲ' ಎಂದರೆ? ಆಗ ದುಡಿದದ್ದನ್ನು ತೋರಿಸುವ ಭಾರ ಹಳೆಯ ಹೆಗಲಿಗೇ ಮರಳುತ್ತದೆ. ಕೊಡದಿರುವುದಕ್ಕೂ ಅಲ್ಲಗಳೆಯುವುದಕ್ಕೂ ತಾಳೆಗರಿಯಲ್ಲಿ ಬೇರೆ ಬೇರೆ ದಂಡವಿತ್ತು, ಎರಡನೆಯದಕ್ಕೆ ಇಮ್ಮಡಿ. ನಮ್ಮ ಸಂಹಿತೆಯಲ್ಲಿ ಎರಡನೆಯ ಸುಳ್ಳಿಗೆ ಪ್ರತ್ಯೇಕ ಹೆಸರಿಲ್ಲ. ಕಟ್ಟಡದ ಕಾಮಗಾರಿಯಲ್ಲಿ ಮೇಲಿನ ಕಂಪನಿ ಗುತ್ತಿಗೆದಾರನ ಕಡೆಗೂ ಗುತ್ತಿಗೆದಾರ ಮೇಸ್ತ್ರಿಯ ಕಡೆಗೂ ಕೈ ತೋರಿಸುವಾಗ ಮೂವರೂ ಹೇಳುವುದು ಆ ಎರಡನೆಯದನ್ನೇ. ಅಷ್ಟರಲ್ಲಿ ಮೇಸ್ತ್ರಿ ನಂಬರು ಬದಲಾಯಿಸಿರುತ್ತಾನೆ, ಹಾಜರಿ ಪುಸ್ತಕ ಅವನ ಜೊತೆ ಇನ್ನೊಂದು ಊರಿನ ಸೈಟಿಗೆ ಹೋಗಿರುತ್ತದೆ.